ಯುಆರ್‌ಎಲ್‌ನಲ್ಲಿ ಪಟ್ಟಿ ಕಳಿಸುವುದು ಹೇಗೆ? ಜಾವಾ ವೆಬ್ ಆ್ಯಪ್ ಬರೆಯುವವರಿಗೆ ಒಂದು ಮಾರ್ಗದರ್ಶಿ

"ಮೂರು ಪ್ಯಾಟಿ ಟಿಕ್ ಮಾಡೀನ್ರೀ ಸರ, ಒಂದರದ್ದಷ್ಟ ರೇಟ್ ಬರಾಕತ್ತೈತಿ."

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಮಾರುಕಟ್ಟೆ ಧಾರಣೆ ತೋರಿಸುವ ಆ್ಯಪ್ ಬರೆದವರಿಗೆ ಇಂಥ ಫೋನ್ ಒಂದಲ್ಲ ಒಂದು ದಿನ ಬರುತ್ತದೆ. ಸರ್ವರ್ ಲಾಗ್ ತೆಗೆದು ನೋಡಿದರೆ ಯಾವ ಎರರ್ ಕೂಡ ಇರುವುದಿಲ್ಲ. ಬ್ರೌಸರ್ ಮೂರೂ ಪೇಟೆ ಕಳಿಸಿರುತ್ತದೆ, ನಮ್ಮ ಜಾವಾ ಕೋಡ್ ಒಂದನ್ನೇ ಓದಿರುತ್ತದೆ. ಒಂದಕ್ಕಿಂತ ಜಾಸ್ತಿ ಬೆಲೆಗಳನ್ನು (ವ್ಯಾಲ್ಯೂ ಅನ್ನುವ ಅರ್ಥದಲ್ಲಿ, ಮಾಲಿನ ದರ ಅಲ್ಲ) ಯುಆರ್‌ಎಲ್‌ನಲ್ಲಿ ಕಳಿಸುವಾಗ, ಓದುವಾಗ ಎಲ್ಲೆಲ್ಲಿ ಹೀಗೆ ಸದ್ದಿಲ್ಲದೆ ಕೈಕೊಡುತ್ತದೆ ಅನ್ನುವುದನ್ನು ಒಂದೊಂದೇ ಹಂತವಾಗಿ ನೋಡೋಣ.

ಉದಾಹರಣೆಗೆ ಇದೇ ಧಾರಣೆ ಆ್ಯಪ್ ಇಟ್ಟುಕೊಳ್ಳೋಣ. ಹುಬ್ಬಳ್ಳಿ ಅಮರಗೋಳದ ಎಪಿಎಂಸಿ, ಗದಗ, ಬ್ಯಾಡಗಿ ಹೀಗೆ ಕೆಲವು ಪೇಟೆಗಳು. ಕಡ್ಡಿ, ಡಬ್ಬಿ, ಗುಂಟೂರು ಮೆಣಸಿನಕಾಯಿ, ಶೇಂಗಾ, ಹೆಸರುಕಾಳು, ಕಡಲೆ ಹೀಗೆ ಕೆಲವು ಮಾಲು. ನೋಡುವವರು ತಮಗೆ ಬೇಕಾದ ಪೇಟೆಗಳನ್ನು ಆರಿಸುತ್ತಾರೆ, ಬಂದ ಪುಟದ ಲಿಂಕನ್ನು ವಾಟ್ಸಾಪ್‌ನಲ್ಲಿ ಮತ್ತೊಬ್ಬರಿಗೆ ದಾಟಿಸುತ್ತಾರೆ. ಆರಿಸಿದ್ದನ್ನು ಯುಆರ್‌ಎಲ್‌ನಲ್ಲೇ ಇಡುವುದು ಈ ಕಾರಣಕ್ಕೇ. ಮುಂಡರಗಿಯಲ್ಲಿ ಕೂತವರು ಲಿಂಕ್ ಒತ್ತಿದರೆ ಬ್ಯಾಡಗಿಯಲ್ಲಿದ್ದವರು ಕಂಡದ್ದೇ ಅವರಿಗೂ ಕಾಣಬೇಕು. ಹಾಗಾಗಿ ಲಿಂಕ್ ಸರಿಯಾಗಿರಬೇಕು ಅನ್ನುವುದನ್ನು ನಾನು ಸಣ್ಣ ವಿಷಯ ಅಂದುಕೊಳ್ಳುವುದಿಲ್ಲ.

ಒಂದು ಸೂಚನೆ. ಕೋಡ್‌ನ ಹೆಸರುಗಳನ್ನೂ ಯುಆರ್‌ಎಲ್‌ಗಳನ್ನೂ ಓದಲು ಸುಲಭವಾಗಲಿ ಎಂದು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಅವನ್ನು ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

ಮೊದಲು: ಯಾವ ರೂಪದಲ್ಲಿ ಕಳಿಸಬೇಕು ಅಂತ ತೀರ್ಮಾನಿಸಿ

ಯುಆರ್‌ಎಲ್‌ಗೆ ಅರೇ ಗೊತ್ತಿಲ್ಲ, ಲಿಸ್ಟ್ ಗೊತ್ತಿಲ್ಲ. ಅದು ಬರೀ ಅಕ್ಷರಗಳ ಸಾಲು. ಯುಆರ್‌ಎಲ್ ಹೇಗಿರಬೇಕು ಎಂದು ಹೇಳುವ ಆರ್‌ಎಫ್‌ಸಿ 3986 ಬಂದದ್ದು 2005ರಲ್ಲಿ. ಪ್ರಶ್ನೆ ಚಿಹ್ನೆಯ ನಂತರ ಬರುವ ಭಾಗದಲ್ಲಿ ಯಾವ ಅಕ್ಷರ ಇರಬಹುದು ಅಂತ ಅದು ಹೇಳುತ್ತದೆ. ಆದರೆ ಒಂದು ಪಟ್ಟಿಯನ್ನು ಅಲ್ಲಿ ಹೇಗೆ ಬರೆಯಬೇಕು ಅಂತ ಹೇಳುವುದಿಲ್ಲ. ಅದು ಕಳಿಸುವವರು ಮತ್ತು ಓದುವವರು ತಮ್ಮತಮ್ಮಲ್ಲೇ ಮಾಡಿಕೊಳ್ಳಬೇಕಾದ ಒಪ್ಪಂದ. ಪ್ರತಿ ಪೇಟೆಗೂ 11, 12, 13 ಹೀಗೆ ಒಂದು ಅಂಕಿಯ ಕೋಡ್ ಕೊಟ್ಟಿದ್ದೇವೆ ಅಂದುಕೊಂಡರೆ, ರೂಢಿಯಲ್ಲಿ ಮೂರು ದಾರಿಗಳಿವೆ:

/ಧಾರಣೆ?ಪೇಟೆ=11&ಪೇಟೆ=12&ಪೇಟೆ=13

/ಧಾರಣೆ?ಪೇಟೆ=11,12,13

/ಧಾರಣೆ?ಪೇಟೆ[0]=11&ಪೇಟೆ[1]=12&ಪೇಟೆ[2]=13

ನನ್ನ ಸಲಹೆ ಮೊದಲನೆಯದು. ಅದೇ ಹೆಸರು, ಪ್ರತಿ ಬೆಲೆಗೂ ಮತ್ತೊಮ್ಮೆ. ಎಚ್‌ಟಿಎಂಎಲ್ ಫಾರ್ಮ್ ತಾನಾಗಿ ಕಳಿಸುವುದೇ ಹೀಗೆ. ಜಾವಾದಲ್ಲಿ ವೆಬ್ ಆ್ಯಪ್ ಬರೆಯಲು ಬಳಸುವ ಸರ್ವ್ಲೆಟ್, ಸ್ಪ್ರಿಂಗ್, ಜಾಕ್ಸ್-ಆರ್‌ಎಸ್ ಮೂರಕ್ಕೂ ಇದು ಮೊದಲಿನಿಂದ ಅರ್ಥವಾಗುತ್ತದೆ. ಬೆಲೆಯೊಳಗೆ ಕಾಮಾ ಬಂದರೂ ಗೊಂದಲವಿಲ್ಲ (ಸ್ಪ್ರಿಂಗ್‌ನಲ್ಲಿ ಒಂದು ಅಪವಾದವಿದೆ, ಮುಂದೆ ಹೇಳುತ್ತೇನೆ). ಯುಆರ್‌ಎಲ್ ಸ್ವಲ್ಪ ಉದ್ದ ಆಗುತ್ತದೆ, ಆಗಲಿ.

ಕಾಮಾ ಹಾಕುವ ದಾರಿ ಬರೀ ಅಂಕಿಗಳಿದ್ದಾಗ ನಡೆಯುತ್ತದೆ. ಹೆಸರು, ವಿಳಾಸ ಬಂದ ಕೂಡಲೇ ತಕರಾರು ಶುರು. ಚೌಕ ಆವರಣದ ದಾರಿಯ ಬಗ್ಗೆ ಕೊನೆಯ ಕಡೆ ಹೇಳುತ್ತೇನೆ.

ಫಾರ್ಮ್ ಬರೆಯಿರಿ

ಎಲ್ಲ ಚೆಕ್‌ಬಾಕ್ಸ್‌ಗೂ ಒಂದೇ ನೇಮ್ ಕೊಡಿ, ವ್ಯಾಲ್ಯೂ ಮಾತ್ರ ಬೇರೆ ಬೇರೆ. ಫಾರ್ಮ್‌ನ ಮೆಥಡ್ ಗೆಟ್ ಇರಲಿ, ಆಗಲೇ ಆರಿಸಿದ್ದು ಯುಆರ್‌ಎಲ್‌ನಲ್ಲಿ ಹೋಗುವುದು. ಹಲವನ್ನು ಆರಿಸುವ ಸೆಲೆಕ್ಟ್ ಪೆಟ್ಟಿಗೆ ಬಳಸಿದರೂ ಫಲಿತಾಂಶ ಅದೇ. ನೆನಪಿಡಬೇಕಾದ್ದು ಒಂದೇ: ಟಿಕ್ ಮಾಡದ ಬಾಕ್ಸ್ ಏನನ್ನೂ ಕಳಿಸುವುದಿಲ್ಲ. ಯಾವುದನ್ನೂ ಟಿಕ್ ಮಾಡದಿದ್ದರೆ ಯುಆರ್‌ಎಲ್‌ನಲ್ಲಿ ಪೇಟೆ ಅನ್ನುವ ಹೆಸರೇ ಇರುವುದಿಲ್ಲ.

ಸರ್ವ್ಲೆಟ್‌ನಲ್ಲಿ ಓದುವುದು

ಮೇಲಿನ ಫೋನ್ ಕರೆಯ ಉತ್ತರ ಇಲ್ಲಿದೆ. ರಿಕ್ವೆಸ್ಟ್ ಮೇಲೆ ಗೆಟ್‌ಪ್ಯಾರಾಮೀಟರ್ ಕರೆದರೆ ಅದು ಮೊದಲ ಬೆಲೆಯನ್ನಷ್ಟೇ ಕೊಡುತ್ತದೆ. "ಇನ್ನೂ ಎರಡು ಇವೆ" ಅಂತ ಹೇಳುವುದಿಲ್ಲ, ಎಕ್ಸೆಪ್ಷನ್ ಎಸೆಯುವುದಿಲ್ಲ, ಸುಮ್ನೆ 11 ಕೊಟ್ಟು ಕೂರುತ್ತದೆ. ಎಲ್ಲವೂ ಬೇಕಾದರೆ ಗೆಟ್‌ಪ್ಯಾರಾಮೀಟರ್‌ವ್ಯಾಲ್ಯೂಸ್ ಕರೆಯಬೇಕು. ಅದು ಸ್ಟ್ರಿಂಗ್ ಅರೇ ಕೊಡುತ್ತದೆ. ಹೆಸರಿನ ಕೊನೆಯ ಒಂದು ಪದ ಬಿಟ್ಟುಹೋದದ್ದಕ್ಕೇ ಎರಡು ಪೇಟೆ ಕಾಣೆಯಾಗಿದ್ದವು.

ಈಗ ಆ ಅರೇಯನ್ನು ಜೋಪಾನವಾಗಿ ಹಿಡಿಯಬೇಕು. ಯಾವುದನ್ನೂ ಟಿಕ್ ಮಾಡದಿದ್ದರೆ ಬರುವುದು ಖಾಲಿ ಅರೇ ಅಲ್ಲ, ನಲ್. ನೇರವಾಗಿ ಫಾರ್ ಲೂಪ್‌ಗೆ ಕೊಟ್ಟರೆ ನಲ್‌ಪಾಯಿಂಟರ್. ಆದ್ದರಿಂದ ಒಂದು ಸಣ್ಣ ಸಹಾಯಕ ಮೆಥಡ್ ಬರೆದಿಟ್ಟುಕೊಳ್ಳಿ. ನಲ್ ಬಂದರೆ ಖಾಲಿ ಲಿಸ್ಟ್ ವಾಪಸ್. ಇಲ್ಲದಿದ್ದರೆ ಪ್ರತಿ ಬೆಲೆಯ ಆಚೀಚೆಯ ಖಾಲಿ ಜಾಗ ತೆಗೆದು, ಖಾಲಿ ಸ್ಟ್ರಿಂಗ್‌ಗಳನ್ನು ಬಿಟ್ಟು, ಅಂಕಿಯಾಗಿ ಬದಲಿಸಿ, ಲಿಂಕ್ಡ್‌ಹ್ಯಾಶ್‌ಸೆಟ್‌ಗೆ ಹಾಕಿ. ಎರಡು ಸಲ ಬಂದ ಪೇಟೆ ಒಂದೇ ಆಗುತ್ತದೆ, ಬಂದ ಕ್ರಮವೂ ಉಳಿಯುತ್ತದೆ. ಅಂಕಿಯ ಜಾಗದಲ್ಲಿ ಬೇರೇನೋ ಬಂದು ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಷನ್ ಎದ್ದರೆ ಅದನ್ನು ಹಿಡಿದು 400 (ಕೇಳಿದ್ದೇ ತಪ್ಪಾಗಿದೆ) ಉತ್ತರ ಕೊಡಿ. ತಪ್ಪು ಲಿಂಕ್ ಕಳಿಸಿದವರಿಗೆ 500 ತೋರಿಸಿದರೆ ನಮ್ಮ ಸರ್ವರೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಏನೂ ಆರಿಸದಿದ್ದರೆ ಏನು ತೋರಿಸಬೇಕು? ಎಲ್ಲ ಪೇಟೆಗಳನ್ನೋ, ಯಾವುದನ್ನೂ ಅಲ್ಲವೋ? ಜಾವಾ ಇದಕ್ಕೆ ಉತ್ತರ ಹೇಳುವುದಿಲ್ಲ. ಧಾರಣೆ ಪುಟದಲ್ಲಿ "ಎಲ್ಲವೂ" ಅನ್ನುವುದು ಸಹಜ. ಆದರೆ ಆರಿಸಿದ್ದನ್ನು ಅಳಿಸುವ ಪುಟದಲ್ಲಿ ಅದೇ ನಿಯಮ ಇಟ್ಟರೆ ಅನಾಹುತ. ಪುಟಪುಟಕ್ಕೂ ಬೇರೆಯಾಗಿ ಯೋಚಿಸಿ ಕೋಡ್‌ನಲ್ಲಿ ಎದ್ದು ಕಾಣುವಂತೆ ಬರೆಯಿರಿ.

ಜಾವಾ ಕಡೆಯಿಂದ ಲಿಂಕ್ ಕಟ್ಟುವುದು

ಫಾರ್ಮ್ ಇದ್ದರೆ ಲಿಂಕ್ ಕಟ್ಟುವ ಕೆಲಸ ಬ್ರೌಸರ್‌ನದು. "ಮುಂದಿನ ಪುಟ", "ಈ ಪಟ್ಟಿಯನ್ನು ಹಂಚಿಕೊಳ್ಳಿ" ಅಂತ ಲಿಂಕ್ ಕೊಡುವಾಗ ನಾವೇ ಕಟ್ಟಬೇಕು. ಹೊಸಬರು ಇಲ್ಲಿ ಅರೇಯನ್ನು ಪ್ಲಸ್ ಹಾಕಿ ಸ್ಟ್ರಿಂಗ್‌ಗೆ ಅಂಟಿಸುತ್ತಾರೆ. ಆಗ ಲಿಂಕ್‌ನಲ್ಲಿ [ಎಲ್‌ಜಾವಾ.ಲ್ಯಾಂಗ್.ಸ್ಟ್ರಿಂಗ್;@ ಅಂತ ಶುರುವಾಗಿ ಮುಂದೆ ಒಂದಿಷ್ಟು ಅಂಕಿ ಅಕ್ಷರ ಬರುತ್ತವೆ. ಅದು ಅರೇಯ ಒಳಗಿನ ಬೆಲೆ ಅಲ್ಲ. ಅರೇಯ ಟೈಪ್ ಮತ್ತು ಹ್ಯಾಶ್‌ಕೋಡ್. ಇದನ್ನು ಓದಿ ಪಟ್ಟಿಯನ್ನು ವಾಪಸ್ ಪಡೆಯಲು ಯಾವ ದಾರಿಯೂ ಇಲ್ಲ.

ಲಿಸ್ಟ್ ಅಂಟಿಸಿದರೆ ಇನ್ನೂ ಮೋಸ, ಯಾಕಂದರೆ ನೋಡಲು ಸರಿಯಾಗಿಯೇ ಕಾಣುತ್ತದೆ: ಪೇಟೆ=[11, 12, 13]. ಕಾಮಾ ಆದ ಮೇಲೆ ಒಂದು ಖಾಲಿ ಜಾಗ ಇದೆ, ಗಮನಿಸಿ. ಇದನ್ನು ವಾಟ್ಸಾಪ್‌ಗೆ ಹಾಕಿದರೆ ಖಾಲಿ ಜಾಗ ಬಂದಲ್ಲಿಗೇ ಲಿಂಕ್ ಮುಗಿಯುತ್ತದೆ. ಉಳಿದದ್ದು ಬರೀ ಮಾತಾಗಿ ಪಕ್ಕದಲ್ಲಿ ಬಿದ್ದಿರುತ್ತದೆ. ಒತ್ತಿದವರಿಗೆ ಸಿಗುವುದು ಅರ್ಧ ಯುಆರ್‌ಎಲ್.

ಸರಿಯಾದ ಕ್ರಮ ಹೀಗಿದೆ. ಆ್ಯಂಪರ್‌ಸೆಂಡ್ ನಡುವೆ ಬರುವಂತೆ ಒಂದು ಸ್ಟ್ರಿಂಗ್‌ಜಾಯ್ನರ್ ಮಾಡಿ. ಲೂಪ್‌ನಲ್ಲಿ ಒಂದೊಂದು ಬೆಲೆ ತೆಗೆದುಕೊಂಡು, ಯುಆರ್‌ಎಲ್‌ಎನ್‌ಕೋಡರ್‌ನ ಎನ್‌ಕೋಡ್ ಮೆಥಡ್‌ಗೆ ಕೊಟ್ಟು, ಬಂದದ್ದರ ಮೊದಲಿಗೆ ಪೇಟೆ= ಸೇರಿಸಿ ಜಾಯ್ನರ್‌ಗೆ ಹಾಕಿ. ಜಾವಾ 10 ಅಥವಾ ಅದರ ಮುಂದಿನದಿದ್ದರೆ ಎರಡನೇ ಆರ್ಗ್ಯುಮೆಂಟ್ ಆಗಿ ಸ್ಟ್ಯಾಂಡರ್ಡ್‌ಚಾರ್‌ಸೆಟ್ಸ್‌ನ ಯುಟಿಎಫ್-8 ಕೊಡಿ. ಹಳೆಯದಾದರೆ ಅದರ ಹೆಸರನ್ನು ಸ್ಟ್ರಿಂಗ್ ಆಗಿ ಕೊಟ್ಟು ಎಕ್ಸೆಪ್ಷನ್ ಹಿಡಿಯಬೇಕು. ಒಂದೇ ಆರ್ಗ್ಯುಮೆಂಟ್‌ನ ಹಳೆಯ ಮೆಥಡ್ ಮುಟ್ಟಬೇಡಿ. ಜಾವಾ 18ಕ್ಕಿಂತ ಹಿಂದಿನದರಲ್ಲಿ ಅದು ಆಯಾ ಯಂತ್ರದ ಡೀಫಾಲ್ಟ್ ಎನ್‌ಕೋಡಿಂಗ್ ಬಳಸುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಸರಿಯಾಗಿ ಹೋಗಿ, ಇನ್ನೊಂದು ಯಂತ್ರದಲ್ಲಿ ಪ್ರಶ್ನೆ ಚಿಹ್ನೆಗಳಾಗಬಹುದು.

ಎನ್‌ಕೋಡ್ ಮಾಡಬೇಕಾದ್ದು ಬಿಡಿಬಿಡಿ ಬೆಲೆಗಳನ್ನು. "ಶೇಂಗಾ & ಎಳ್ಳು" ಅಂತ ಒಂದು ಗುಂಪಿನ ಹೆಸರಿದೆ ಅಂದುಕೊಳ್ಳಿ. ಎನ್‌ಕೋಡ್ ಮಾಡದೆ ಬಿಟ್ಟರೆ ನಡುವಿನ & ಅಲ್ಲಿಗೇ ಕತ್ತರಿ ಹಾಕುತ್ತದೆ, ಎಳ್ಳು ಅನ್ನುವುದು ಬೇರೆಯೇ ಒಂದು ಪ್ಯಾರಾಮೀಟರ್ ಆಗುತ್ತದೆ. ಎನ್‌ಕೋಡ್ ಮಾಡಿದರೆ & ಹೋಗಿ %26 ಬರುತ್ತದೆ, ಖಾಲಿ ಜಾಗ + ಆಗುತ್ತದೆ. ಇದಕ್ಕೆ ಹೆದರಿ ಇಡೀ ಕ್ವೆರಿಯನ್ನೇ (ಪ್ರಶ್ನೆ ಚಿಹ್ನೆಯ ನಂತರದ ಭಾಗ) ಕೊನೆಯಲ್ಲಿ ಒಟ್ಟಿಗೆ ಎನ್‌ಕೋಡ್ ಮಾಡಿದರೆ, ನಡುವೆ ಇರಲೇಬೇಕಾದ & ಮತ್ತು = ಕೂಡ ಬದಲಾಗುತ್ತವೆ. ಆಗ ಸರ್ವರ್‌ಗೆ ತಲುಪುವುದು ಉದ್ದನೆಯ ಹೆಸರಿನ ಒಂದೇ ಒಂದು ಪ್ಯಾರಾಮೀಟರ್.

ಜೆಎಸ್‌ಪಿ ಬಳಸುವವರಿಗೆ ಇಷ್ಟೂ ಕಷ್ಟವಿಲ್ಲ. ಜೆಎಸ್‌ಟಿಎಲ್‌ನ ಸಿ:ಯುಆರ್‌ಎಲ್ ಟ್ಯಾಗ್ ಒಳಗೆ ಫಾರ್‌ಈಚ್ ಹಾಕಿ, ಪ್ರತಿ ಬೆಲೆಗೂ ಅದೇ ಹೆಸರಿನ ಸಿ:ಪ್ಯಾರಮ್ ಕೊಡಿ. ಎನ್‌ಕೋಡಿಂಗ್ ಅದೇ ನೋಡಿಕೊಳ್ಳುತ್ತದೆ.

ಸ್ಪ್ರಿಂಗ್‌ನವರಿಗೆ ಯುಆರ್‌ಐಕಾಂಪೊನೆಂಟ್ಸ್‌ಬಿಲ್ಡರ್ ಇದೆ. ಕ್ವೆರಿಪ್ಯಾರಮ್ ಮೆಥಡ್‌ಗೆ ಹೆಸರು ಮತ್ತು ಕಲೆಕ್ಷನ್ ಕೊಟ್ಟರೆ ಅದೇ ಹೆಸರನ್ನು ಮತ್ತೆ ಮತ್ತೆ ಬರೆಯುತ್ತದೆ. ಆದರೆ ಬೆಲೆಯಲ್ಲಿ + ಇದ್ದರೆ ಎಚ್ಚರ. "ಎ+" ಅನ್ನುವ ದರ್ಜೆ ಇದ್ದರೆ ಬಿಲ್ಡರ್ ಆ + ಅನ್ನು ಹಾಗೇ ಬಿಡುತ್ತದೆ, ಸರ್ವರ್ ಅದನ್ನು ಖಾಲಿ ಜಾಗ ಅಂತ ಓದುತ್ತದೆ. ಅಂಥ ಕಡೆ ಬೆಲೆಯ ಜಾಗದಲ್ಲಿ ಪುಷ್ಪಾವರಣದ ವೇರಿಯೇಬಲ್ ಇಟ್ಟು, ಮೊದಲು ಎನ್‌ಕೋಡ್ ಕರೆದು, ಆಮೇಲೆ ಬಿಲ್ಡ್‌ಆ್ಯಂಡ್‌ಎಕ್ಸ್‌ಪ್ಯಾಂಡ್‌ಗೆ ಬೆಲೆ ಕೊಡಿ. ಆಗ + ಕೂಡ ಎನ್‌ಕೋಡ್ ಆಗುತ್ತದೆ.

ಸ್ಪ್ರಿಂಗ್‌ನಲ್ಲಿ ಓದುವುದು, ಮತ್ತು ಕಾಮಾದ ಕಾಟ

ಕಂಟ್ರೋಲರ್ ಮೆಥಡ್‌ನಲ್ಲಿ ರಿಕ್ವೆಸ್ಟ್‌ಪ್ಯಾರಮ್ ಅನೋಟೇಷನ್ ಹಾಕಿ ಲಿಸ್ಟ್ ಟೈಪ್ ಕೊಟ್ಟರೆ ಸಾಕು. ಅಂಕಿಗಳಿಗೆ ಲಾಂಗ್‌ಗಳ ಲಿಸ್ಟ್ ಅಂದರೆ ಬದಲಾವಣೆಯೂ ಆಗಿ ಬರುತ್ತದೆ. ಮಾಮೂಲಿಯಾಗಿ ಇದು ಕಡ್ಡಾಯ, ಲಿಂಕ್‌ನಲ್ಲಿ ಹೆಸರು ಇಲ್ಲದಿದ್ದರೆ 400 ಹೋಗುತ್ತದೆ. ರಿಕ್ವೈರ್ಡ್ ಅನ್ನು ಫಾಲ್ಸ್ ಮಾಡಿದರೆ ನಲ್ ಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿರಬೇಕಾದ್ದು ಮುಂದಿನದು. ನಮ್ಮ ಪೇಟೆಗಳನ್ನು ಕೋಡ್ ಬದಲು ಹೆಸರಿನಿಂದಲೇ ಕಳಿಸುತ್ತೇವೆ ಅನ್ನೋಣ. ಒಂದರ ಹೆಸರು "ಅಮರಗೋಳ, ಹುಬ್ಬಳ್ಳಿ". ಎರಡು ಪೇಟೆ ಟಿಕ್ ಮಾಡಿ ಪರೀಕ್ಷಿಸಿದಿರಿ:

/ಧಾರಣೆ?ಪೇಟೆ=ಅಮರಗೋಳ,+ಹುಬ್ಬಳ್ಳಿ&ಪೇಟೆ=ಬ್ಯಾಡಗಿ

ಲಿಸ್ಟ್‌ನಲ್ಲಿ ಎರಡು ಬೆಲೆ ಬಂದವು, ಸರಿಯಾಗಿದೆ. ಈಗ ಅಮರಗೋಳ ಒಂದನ್ನೇ ಟಿಕ್ ಮಾಡಿ:

/ಧಾರಣೆ?ಪೇಟೆ=ಅಮರಗೋಳ,+ಹುಬ್ಬಳ್ಳಿ

ಈಗಲೂ ಲಿಸ್ಟ್‌ನಲ್ಲಿ ಎರಡು! "ಅಮರಗೋಳ" ಒಂದು, "ಹುಬ್ಬಳ್ಳಿ" ಇನ್ನೊಂದು. ಎರಡೂ ಡೇಟಾಬೇಸ್‌ನಲ್ಲಿ ಇಲ್ಲ, ಪುಟ ಖಾಲಿ. ಕಾರಣ ಹೀಗಿದೆ. ಒಂದಕ್ಕಿಂತ ಹೆಚ್ಚು ಬೆಲೆ ಬಂದರೆ ಸ್ಪ್ರಿಂಗ್ ಕೈಗೆ ಅರೇ ಸಿಗುತ್ತದೆ, ಅದು ಹಾಗೇ ಲಿಸ್ಟ್ ಆಗುತ್ತದೆ. ಒಂದೇ ಬಂದರೆ ಬರೀ ಸ್ಟ್ರಿಂಗ್ ಸಿಗುತ್ತದೆ. ಸ್ಟ್ರಿಂಗನ್ನು ಲಿಸ್ಟ್ ಮಾಡುವ ಕನ್ವರ್ಟರ್ ಅದನ್ನು ಕಾಮಾ ಇದ್ದಲ್ಲಿ ಒಡೆಯುತ್ತದೆ. ಕಾಮಾವನ್ನು ಎನ್‌ಕೋಡ್ ಮಾಡಿ ಕಳಿಸಿದರೂ ಉಪಯೋಗವಿಲ್ಲ. ಕನ್ವರ್ಟರ್ ಕೈಗೆ ಬರುವ ಮೊದಲೇ ಸರ್ವರ್ ಅದನ್ನು ಡೀಕೋಡ್ ಮಾಡಿರುತ್ತದೆ.

ಎರಡು ಟಿಕ್ ಹಾಕಿದಾಗ ಸರಿ, ಒಂದು ಹಾಕಿದಾಗ ತಪ್ಪು. ಪಟ್ಟಿ ಅಂದ ಕೂಡಲೇ ನಾವು ಪರೀಕ್ಷೆಗೆ ಎರಡು ಮೂರು ಬೆಲೆ ಹಾಕುತ್ತೇವೆ, ಒಂದನ್ನು ಹಾಕಿ ನೋಡುವುದಿಲ್ಲ. ಅದಕ್ಕೇ ಈ ದೋಷ ಬಳಸುವವರ ಕೈಗೆ ಹೋಗುವ ತನಕ ಸಿಗುವುದಿಲ್ಲ.

ಒಳ್ಳೆಯ ಪರಿಹಾರ ಎಂದರೆ ಹೆಸರಿನ ಬದಲು ಕೋಡ್ ಕಳಿಸುವುದು. ಬಳಸುವವರು ಟೈಪ್ ಮಾಡಿದ ಪದಗಳನ್ನೇ ಕಳಿಸಬೇಕಾದ ಹುಡುಕಾಟದ ಪುಟವಾದರೆ, ಅನೋಟೇಷನ್‌ಗೆ ಹೆಸರು ಕೊಡದೆ ಮಲ್ಟಿವ್ಯಾಲ್ಯೂಮ್ಯಾಪ್ ತೆಗೆದುಕೊಳ್ಳಿ. ಅಲ್ಲಿ ಯಾವ ಬೆಲೆಯೂ ಒಡೆಯುವುದಿಲ್ಲ. ಸಾದಾ ಮ್ಯಾಪ್ ತೆಗೆದುಕೊಂಡರೆ ಮತ್ತೆ ಮೊದಲ ಬೆಲೆ ಮಾತ್ರ, ಅದು ಬೇಡ. ರಿಕ್ವೆಸ್ಟ್‌ನಿಂದ ನೇರವಾಗಿ ಗೆಟ್‌ಪ್ಯಾರಾಮೀಟರ್‌ವ್ಯಾಲ್ಯೂಸ್ ಕರೆದರೂ ತಪ್ಪೇನಿಲ್ಲ.

ಜಾಕ್ಸ್-ಆರ್‌ಎಸ್‌ನಲ್ಲಿ ಕ್ವೆರಿಪ್ಯಾರಮ್ ಅನೋಟೇಷನ್‌ಗೆ ಲಿಸ್ಟ್, ಸೆಟ್ ಅಥವಾ ಸಾರ್ಟೆಡ್‌ಸೆಟ್ ಕೊಡಬಹುದು. ಅದು ಕಾಮಾ ನೋಡಿ ಒಡೆಯುವುದಿಲ್ಲ. ಏನೂ ಬರದಿದ್ದರೆ ನಲ್ ಬದಲು ಖಾಲಿ ಕಲೆಕ್ಷನ್ ಕೊಡುತ್ತದೆ. ಈ ವಿಷಯದಲ್ಲಿ ನನಗೆ ಇದೇ ಹೆಚ್ಚು ಇಷ್ಟ.

ಕನ್ನಡ ಹೆಸರು, ಯುಆರ್‌ಎಲ್‌ನ ಉದ್ದ

ಕೋಡ್ ಕಳಿಸಿ ಅನ್ನಲು ಇನ್ನೊಂದು ಕಾರಣವಿದೆ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ 3 ಬೈಟ್. ಪ್ರತಿ ಬೈಟ್ ಯುಆರ್‌ಎಲ್‌ನಲ್ಲಿ ಒಂದು % ಮತ್ತು ಎರಡು ಅಕ್ಷರ ಆಗುತ್ತದೆ. ಅಂದರೆ ಚಿಹ್ನೆಗೆ 9 ಜಾಗ. ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಚಿಹ್ನೆ ಅನ್ನುವುದು ನೆನಪಿರಲಿ. "ಬ್ಯಾಡಗಿ" ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರ್‌ಗೆ ಅದು 7 ಚಿಹ್ನೆ, ಯುಆರ್‌ಎಲ್‌ನಲ್ಲಿ 63 ಜಾಗ. "ರಾಣೇಬೆನ್ನೂರು" 108. ಹಾವೇರಿ ಜಿಲ್ಲೆಯ ಎಂಟೂ ತಾಲೂಕುಗಳ ಹೆಸರು ಕಳಿಸಿದರೆ ಬರೀ ಹೆಸರುಗಳಿಗೇ 594. ಪ್ಯಾರಾಮೀಟರ್ ಹೆಸರನ್ನೂ "ತಾಲೂಕು" ಅಂತ ಕನ್ನಡದಲ್ಲೇ ಇಟ್ಟರೆ ಸಾವಿರ ದಾಟುತ್ತದೆ. ಇಂಥ ಲಿಂಕ್ ವಾಟ್ಸಾಪ್‌ನಲ್ಲಿ ಬಂದರೆ ಫೋನಿನ ಪರದೆ ತುಂಬ ಬರೀ ಶೇಕಡಾ ಚಿಹ್ನೆ. ಏನೋ ವೈರಸ್ ಇರಬೇಕು ಅಂತ ಜನ ಒತ್ತುವುದೇ ಇಲ್ಲ.

ಪೇಟೆ=13 ಅಂದರೆ ಮುಗಿಯಿತು. ಪುಟದ ಮೇಲೆ ಹೆಸರು ಕನ್ನಡದಲ್ಲೇ ಇರಲಿ, ಇರಲೇಬೇಕು. ಯುಆರ್‌ಎಲ್‌ನಲ್ಲಿ ಕೋಡ್ ಸಾಕು.

ಜಾವಾ ವೆಬ್ ಆ್ಯಪ್ ಓಡಿಸುವ ಟಾಮ್‌ಕ್ಯಾಟ್ ಸರ್ವರ್‌ನಲ್ಲಿ ರಿಕ್ವೆಸ್ಟ್‌ನ ಮೊದಲ ಸಾಲು ಮತ್ತು ಹೆಡರ್‌ಗಳು ಎಲ್ಲ ಸೇರಿ ಡೀಫಾಲ್ಟ್ ಮಿತಿ 8 ಕಿಲೋಬೈಟ್. ಕುಕ್ಕಿಗಳೂ ಅದರಲ್ಲೇ ಬಂದವು. ಮಿತಿ ದಾಟಿದರೆ 400, ನಿಮ್ಮ ಕೋಡ್ ತನಕ ರಿಕ್ವೆಸ್ಟ್ ಬರುವುದೇ ಇಲ್ಲ. ಮುಂದೆ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಇಟ್ಟಿದ್ದರೆ ಅದಕ್ಕೂ ತನ್ನದೇ ಮಿತಿ ಇದೆ, ಅದು 414 (ಯುಆರ್‌ಎಲ್ ತೀರಾ ಉದ್ದ) ಕೊಡುತ್ತದೆ. ಮಿತಿ ಏರಿಸಬಹುದು, ಆದರೆ ಏರಿಸುವ ಮೊದಲು ಇಷ್ಟೊಂದು ಬೆಲೆ ಯುಆರ್‌ಎಲ್‌ನಲ್ಲಿ ಯಾಕೆ ಬೇಕು ಅಂತ ಕೇಳಿಕೊಳ್ಳಿ. ನೂರಾರು ಬೆಲೆ ಇದ್ದರೆ ಪೋಸ್ಟ್ ಬಳಸಿ, ಜೇಸನ್ ಆಗಿ ಕಳಿಸಿ.

ಹಳೆಯ ಸರ್ವರ್ ನೋಡಿಕೊಳ್ಳುವವರಿಗೆ ಇನ್ನೊಂದು ಮಾತು. ಟಾಮ್‌ಕ್ಯಾಟ್ 8ರಿಂದ ಯುಆರ್‌ಎಲ್ ಅನ್ನು ಯುಟಿಎಫ್-8 ಎಂದೇ ಓದಲಾಗುತ್ತದೆ. ಅದಕ್ಕಿಂತ ಹಿಂದಿನದರಲ್ಲಿ ಹಾಗಿರಲಿಲ್ಲ, ಕನೆಕ್ಟರ್‌ನಲ್ಲಿ ಯುಆರ್‌ಐಎನ್‌ಕೋಡಿಂಗ್ ಹೇಳಬೇಕಿತ್ತು. ರಿಕ್ವೆಸ್ಟ್‌ನ ಸೆಟ್‌ಕ್ಯಾರೆಕ್ಟರ್‌ಎನ್‌ಕೋಡಿಂಗ್ ಪೋಸ್ಟ್‌ನ ಒಡಲಿಗೆ ಮಾತ್ರ ಅನ್ವಯ, ಕ್ವೆರಿಗೆ ಅಲ್ಲ.

ಜಾವಾಸ್ಕ್ರಿಪ್ಟ್‌ನಿಂದ ಬರುವ ಚೌಕ ಆವರಣ

ಸರ್ವರ್ ಬರೆದವರು ಒಬ್ಬರು, ಪರದೆ (ಬ್ರೌಸರ್‌ನಲ್ಲಿ ಕಾಣುವ ಭಾಗ) ಬರೆದವರು ಇನ್ನೊಬ್ಬರು ಆದಾಗ ಇದು ಬರುತ್ತದೆ. ಜೆಕ್ವೆರಿ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಗೆ ಅರೇ ಕೊಟ್ಟರೆ ಅದು ಹೆಸರಿನ ಮುಂದೆ ಖಾಲಿ ಆವರಣ ಸೇರಿಸಿ ಪೇಟೆ[]=11 ಅಂತ ಮಾಡುತ್ತದೆ. ಆಕ್ಸಿಯಾಸ್ ಅನ್ನುವ ಇನ್ನೊಂದು ಲೈಬ್ರರಿ ಕೂಡ ಹಾಗೇ. ಸರ್ವರ್‌ನಲ್ಲಿ ನೀವು "ಪೇಟೆ" ಕೇಳಿದರೆ ನಲ್, ಯಾಕಂದರೆ ಬಂದ ಹೆಸರು "ಪೇಟೆ[]". ಜೆಕ್ವೆರಿಯಲ್ಲಿ ಟ್ರೆಡಿಷನಲ್ ಅನ್ನು ಟ್ರೂ ಮಾಡಿ. ಆಕ್ಸಿಯಾಸ್ 1ನೇ ಆವೃತ್ತಿಯಿಂದ ಪ್ಯಾರಮ್ಸ್‌ಸೀರಿಯಲೈಜರ್‌ನಲ್ಲಿ ಇಂಡೆಕ್ಸಸ್ ಅನ್ನು ನಲ್ ಮಾಡಿದರೆ ಆವರಣ ಹೋಗುತ್ತದೆ. ಇವೆರಡೂ ಬೇಡವಾದರೆ ಬ್ರೌಸರ್‌ನದೇ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ತೆಗೆದುಕೊಂಡು ಪ್ರತಿ ಬೆಲೆಗೂ ಅಪೆಂಡ್ ಕರೆಯಿರಿ. ಅದಕ್ಕೆ ಅರೇ ಇರುವ ಆಬ್ಜೆಕ್ಟ್ ಅನ್ನೇ ನೇರವಾಗಿ ಕೊಡಬೇಡಿ, ಕಾಮಾ ಹಾಕಿ ಒಂದೇ ಬೆಲೆ ಮಾಡಿಬಿಡುತ್ತದೆ.

ಚೌಕ ಆವರಣ ಎನ್‌ಕೋಡ್ ಆಗದೆ ಹಾಗೇ ಬಂದರೆ ಈಗಿನ ಟಾಮ್‌ಕ್ಯಾಟ್ ರಿಕ್ವೆಸ್ಟನ್ನೇ ಒಪ್ಪುವುದಿಲ್ಲ, 400 ಕೊಡುತ್ತದೆ. ಉದ್ದ ಗೆರೆ | ಬಂದರೂ ಹಾಗೇ. ರಿಲ್ಯಾಕ್ಸ್ಡ್‌ಕ್ವೆರಿಚಾರ್ಸ್ ಅಂತ ಒಂದು ಸೆಟ್ಟಿಂಗ್ ಇದೆ, ಅದರಿಂದ ಬಿಡಿಸಿಕೊಳ್ಳಬಹುದು. ಹೊರಗಿನವರು ಕಳಿಸುವ ಲಿಂಕ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಮಾತ್ರ ಅದನ್ನು ಬಳಸಿ. ನಿಮ್ಮದೇ ಪರದೆಯಾದರೆ ಪರದೆಯನ್ನೇ ಸರಿಮಾಡಿ.

ಮಾಲು[0].ಹೆಸರು, ಮಾಲು[0].ತೂಕ ಹೀಗೆ ಆಬ್ಜೆಕ್ಟ್‌ಗಳ ಪಟ್ಟಿಯನ್ನೂ ಸ್ಪ್ರಿಂಗ್ ಓದಬಲ್ಲದು. ಇಂಡೆಕ್ಸ್‌ಗೆ ಡೀಫಾಲ್ಟ್ ಮಿತಿ 256. ಆದರೆ ಅಷ್ಟು ದೂರ ಹೋದರೆ ಅದು ಲಿಂಕ್‌ನಲ್ಲಿ ಇರಬೇಕಾದ ವಿಷಯ ಅಲ್ಲವೇ ಅಲ್ಲ. ಪೋಸ್ಟ್ ಮಾಡಿ.

ಡೇಟಾಬೇಸ್‌ಗೆ ಕೊಡುವ ಮೊದಲು

ಬಂದ ಲಿಸ್ಟನ್ನು ಕಾಮಾ ಹಾಕಿ ಜೋಡಿಸಿ ಎಸ್‌ಕ್ಯೂಎಲ್‌ನ ಇನ್ ಒಳಗೆ ತುರುಕುವುದನ್ನು ಈಗಲೂ ಕಾಣುತ್ತೇವೆ. ಲಿಂಕ್ ಯಾರ ಕೈಯಲ್ಲಾದರೂ ಇರುತ್ತದೆ, ಯಾರು ಬೇಕಾದರೂ ತಿದ್ದಿ ತಮ್ಮದೇ ಎಸ್‌ಕ್ಯೂಎಲ್ ಸೇರಿಸಬಹುದು. ಎಷ್ಟು ಬೆಲೆ ಇವೆಯೋ ಅಷ್ಟು ಪ್ರಶ್ನೆ ಚಿಹ್ನೆ ಹಾಕಿ, ಪ್ರಿಪೇರ್ಡ್‌ಸ್ಟೇಟ್‌ಮೆಂಟ್‌ಗೆ ಒಂದೊಂದಾಗಿ ಕೊಡಿ. ಪೋಸ್ಟ್‌ಗ್ರೆಸ್‌ನಲ್ಲಿ ಎನಿ ಜೊತೆ ಒಂದೇ ಅರೇ ಕೊಟ್ಟರೂ ಆಗುತ್ತದೆ. ಖಾಲಿ ಲಿಸ್ಟ್ ಆದರೆ ಇನ್ ಒಳಗೆ ಬರೀ ಆವರಣ ಉಳಿದು ಸಿಂಟ್ಯಾಕ್ಸ್ ಎರರ್ ಬರುತ್ತದೆ, ಹಾಗಾಗಿ ಅದನ್ನು ಮೊದಲೇ ನೋಡಿ. ಲೆಕ್ಕಕ್ಕೂ ಒಂದು ಮಿತಿ ಇಡಿ, ನಮ್ಮ ಆ್ಯಪ್‌ಗೆ 50 ಪೇಟೆ ಧಾರಾಳ.

ರೈತರ ಮೊಬೈಲ್ ನಂಬರ್, ಬ್ಯಾಂಕ್ ಖಾತೆ, ಆಧಾರ್ ಇವು ಯಾವ ಕಾರಣಕ್ಕೂ ಈ ಪಟ್ಟಿಯಲ್ಲಿ ಬರಬಾರದು. ಯುಆರ್‌ಎಲ್ ಸರ್ವರ್‌ನ ಆ್ಯಕ್ಸೆಸ್ ಲಾಗ್‌ನಲ್ಲಿ ಉಳಿಯುತ್ತದೆ, ಬ್ರೌಸರ್ ಹಿಸ್ಟರಿಯಲ್ಲಿ ಉಳಿಯುತ್ತದೆ, ದಾಟಿಸಿದ ಪ್ರತಿ ಗುಂಪಿನಲ್ಲೂ ಉಳಿಯುತ್ತದೆ.

ಪರೀಕ್ಷೆ, ಮತ್ತು ಒಂದು ಕೊನೆಯ ಕೆಲಸ

ಬ್ರೌಸರ್‌ನಲ್ಲಿ ವಿಳಾಸ ಬರೆಯುವ ಜಾಗದಲ್ಲೇ ಲಿಂಕನ್ನು ಕೈಯಿಂದ ಬದಲಿಸಿ ನೋಡಿ. ಪೇಟೆ ಇಲ್ಲದೆ, ಬೆಲೆ ಇಲ್ಲದ ಪೇಟೆ= ಜೊತೆ, ಒಂದೇ ಪೇಟೆ, ಎರಡು ಪೇಟೆ, ಅದೇ ಪೇಟೆ ಎರಡು ಸಲ, ಅಂಕಿಯ ಜಾಗದಲ್ಲಿ ಅಕ್ಷರ. ಪದಗಳನ್ನು ಕಳಿಸುವ ಪುಟವಾದರೆ ಕಾಮಾ, &, + ಮತ್ತು ಕನ್ನಡ. ಇವನ್ನೇ ಸ್ಪ್ರಿಂಗ್‌ನ ಮಾಕ್‌ಎಂವಿಸಿ ಟೆಸ್ಟ್ ಆಗಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ಆದರೂ ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಒಂದು ಲಿಂಕ್ ಕಳಿಸಿಕೊಂಡು ಫೋನಿನಲ್ಲಿ ಒತ್ತಿ ನೋಡುವುದನ್ನು ಬಿಡಬೇಡಿ.

ಆಮೇಲೆ, ಲಿಂಕ್ ಕಟ್ಟುವ ಮೊದಲು ಕೋಡ್‌ಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿಬಿಡಿ. 13, 11 ಅಂತ ಟಿಕ್ ಮಾಡಿದರೂ 11, 13 ಅಂತ ಟಿಕ್ ಮಾಡಿದರೂ ಹಂಚಿಕೊಳ್ಳುವ ಲಿಂಕ್ ಒಂದೇ ಆಗಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವಹಿವಾಟು ಜೋರಾಗಿರುವುದು ಸೋಮವಾರ, ಗುರುವಾರ. ಆ ಸಂಜೆ ಎಲ್ಲರೂ ಒಂದೇ ಧಾರಣೆ ನೋಡಲು ಬರುತ್ತಾರೆ. ಯುಆರ್‌ಎಲ್ ಒಂದೇ ಆಗಿದ್ದರೆ ಕ್ಯಾಶ್‌ನಿಂದಲೇ (ಮೊದಲೇ ಉಳಿಸಿಟ್ಟ ಪ್ರತಿಯಿಂದ) ಉತ್ತರ ಹೋಗುತ್ತದೆ, ಡೇಟಾಬೇಸ್‌ಗೆ ಪ್ರತಿ ಸಲ ಕೇಳಬೇಕಾಗಿಲ್ಲ. ಟ್ರೀಸೆಟ್ ಬಳಸಿದರೆ ಅಂಕಿಗಳು ತಾವಾಗಿ ಕ್ರಮದಲ್ಲಿ ಬರುತ್ತವೆ, ಬೇರೆ ಕೋಡ್ ಬರೆಯಬೇಕಾಗಿಲ್ಲ.